ಮೂರು ತೋಪು, ಒಂದು ಕೊಂಡಿ

"ಒಮ್ಮೆ ಕೆಂಪಾದ ಹೆಸರು ಮತ್ತೆ ಬೆಳ್ಳಗಾಗುವುದಿಲ್ಲ ಮೇಡಂ. ಇಲ್ಲಿಯವರೆಗೆ ಆಗಿದ್ದೇ ಇಲ್ಲ," ಎಂದವರು ನಮ್ಮ ಕೇಂದ್ರದ ಮುಖ್ಯಸ್ಥರು. ಪೊಲೀಸ್ ಕಚೇರಿಯ ಗುಮಾಸ್ತ ಅದನ್ನೇ ನಮ್ಮ ಕಡೆಯ ಮಾತಿನಲ್ಲಿ ಹೇಳಿದ: "ಅದೇನ್ ಹೋಳಿ ಬಣ್ಣ ಅಲ್ಲವ್ವಾ, ತೊಳದ್ರ ಹೋಗಾಕ." ನಮ್ಮಪ್ಪನಂತೂ ಮಗ್ಗದ ಕುಣಿಯಿಂದ ತಲೆ ಎತ್ತದೆಯೇ, "ನಿನ್ನ ಕೈಲೆ ಆಗೂದಲ್ಲ ಅದು, ಬಿಡು," ಎಂದುಬಿಟ್ಟ.

ಮೂವರ ಮಾತೂ ಸುಳ್ಳಾಯಿತು. ಒಂದೇ ಒಂದು ಹೆಸರಿನ ಮಟ್ಟಿಗೆ ಸುಳ್ಳಾಯಿತು. ಅದು ಹೇಗಾಯಿತು ಎಂಬುದನ್ನು ನಡೆದ ಕ್ರಮದಲ್ಲೇ, ನನ್ನ ತಪ್ಪನ್ನೂ ಮುಚ್ಚಿಡದೆ ಬರೆಯುತ್ತಿದ್ದೇನೆ.

ಕೇಂದ್ರ ಇದ್ದದ್ದು ಬಾಗಲಕೋಟೆಯ ನವನಗರದಲ್ಲಿ, ಬಾಡಿಗೆಗೆ ಹಿಡಿದ ಎರಡಂತಸ್ತಿನ ಮನೆಯಲ್ಲಿ. ಅದನ್ನು ನಡೆಸುತ್ತಿದ್ದದ್ದು ಬೇರೆ ರಾಜ್ಯದ ಒಂದು ಕಂಪನಿ. ಫಿರಂಗಿಯ ಗುಂಡು, ಸಿಡಿತಲೆ, ಡ್ರೋನು ಮಾಡುವವರು. ಗಡಿಯಲ್ಲಿ ಕಲಿತ ವಿದ್ಯೆಯನ್ನು ಈಗ ಊರೊಳಗೂ ಮಾರಬೇಕೆಂದು ಹೊರಟಿದ್ದರು. ಒಂದು ವರ್ಷ ಪುಕ್ಕಟೆ ಪ್ರಯೋಗ. ಆಮೇಲೆ ಸರ್ಕಾರ ಕೊಳ್ಳಬೇಕೋ ಬೇಡವೋ ಎಂದು ತೀರ್ಮಾನ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಆಯ್ದ ಓಣಿಗಳಲ್ಲಿ ಕಂಬ ನೆಟ್ಟು, ಒಂದೊಂದರ ಮೇಲೆ ತೆಂಗಿನಕಾಯಿಯಷ್ಟು ದಪ್ಪದ ಬೂದು ಡಬ್ಬಿ ಕೂರಿಸಿದ್ದರು. ಅದು ಕೇಳಿಸಿಕೊಳ್ಳುವ ಡಬ್ಬಿ. ಇಳಕಲ್ಲಿನ ನಮ್ಮ ಓಣಿಯವರು ಅದನ್ನು ಮೊಬೈಲಿನ ಸಿಗ್ನಲ್ ಡಬ್ಬಿ ಎಂದುಕೊಂಡಿದ್ದರು. ಮಹಾನವಮಿಯ ದಿನ ಮಗ್ಗಗಳಿಗೆ ಪೂಜೆ ಮಾಡುವಾಗ ಯಾರೋ ಹೆಣ್ಣುಮಗಳು ಆ ಕಂಬಕ್ಕೂ ಕುಂಕುಮ ಹಚ್ಚಿ ಚೆಂಡುಹೂವು ಏರಿಸಿದ್ದಳು. ಆಯುಧಪೂಜೆ ಹಾಗೆ ತಾನಾಗಿಯೇ ಸರಿಯಾದ ಜಾಗಕ್ಕೆ ಸಂದಿತ್ತು.

ಕೇಂದ್ರದ ಬಾಗಿಲ ಬಳಿ ಮೊಣಕಾಲೆತ್ತರದ ಹಿತ್ತಾಳೆಯ ಕೊಳವೆಯೊಂದು ನಿಂತಿತ್ತು. ಫಿರಂಗಿ ಗುಂಡಿನ ಖಾಲಿ ಕವಚ. ಮೊದಲ ದಿನ ನಾನು ಅದರಲ್ಲಿ ಛತ್ರಿ ಇಟ್ಟೆ. ಎಲ್ಲರೂ ಇಡುತ್ತಿದ್ದರು.

ಡಬ್ಬಿಗಳು ಹಿಡಿದ ಮಾತನ್ನು ಯಂತ್ರ ಅಕ್ಷರಕ್ಕೆ ಇಳಿಸುತ್ತಿತ್ತು. ಅದು ಕಲಿತದ್ದು ಸುದ್ದಿ ಓದುವವರ ಕನ್ನಡ. ನಮ್ಮ ಮಾತು ಅದಕ್ಕೆ ಹತ್ತುತ್ತಿರಲಿಲ್ಲ. ಆದ್ದರಿಂದ ಈ ಭಾಗದ ಪದವೀಧರರು ಬೇಕಾಗಿದ್ದರು. ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದ ಮೊದಲ ಕೈ ನನ್ನದು. ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತ ಓದಿ ಬಿ.ಎ. ಮುಗಿಸಿದವಳು. ಸಂದರ್ಶನದಲ್ಲಿ ಮುಖ್ಯಸ್ಥರು ನನ್ನನ್ನು "ಮೇಡಂ" ಎಂದು ಕರೆದರು. ಹಿಂದೆ ಯಾರೂ ಹಾಗೆ ಕರೆದಿರಲಿಲ್ಲ. ಅಂದು ಸಂಜೆ ಬಸ್ಸಿನಲ್ಲಿ ಅಮೀನಗಡ ದಾಟುವವರೆಗೂ ಆ ಶಬ್ದವನ್ನು ಬಾಯಲ್ಲಿಟ್ಟುಕೊಂಡಿದ್ದೆ.

ಮೊದಲ ವಾರದ ಕೆಲಸ ಪದಗಳ ಅರ್ಥ ಬರೆಯುವುದು. ಪರದೆಯ ಮೇಲೆ ಒಂದು ಪದ ಬರುತ್ತಿತ್ತು. ವಾಕ್ಯವಿಲ್ಲ, ಹಿಂದುಮುಂದಿಲ್ಲ. ಕೆಳಗೊಂದು ಚೌಕ: ಅರ್ಥ. ಅದರ ಕೆಳಗೆ ಒಂದು ಪ್ರಶ್ನೆ: ಬೇರೆ ಅರ್ಥ ಇದೆಯೇ? ಹೌದು, ಇಲ್ಲ. ಪಟ್ಟಿಯನ್ನು ಎಲ್ಲೋ ದೂರದ ಊರಿನಲ್ಲಿ ಯಾರೋ ನಿಘಂಟು ನೋಡಿ ಮಾಡಿದ್ದರು. ಮದ್ದು, ಗುಂಡು, ಬತ್ತಿ, ಬಾಣ. ಅದೇ ಸಾಲಿನಲ್ಲಿ "ತೋಪು" ಬಂತು.

ನಮ್ಮ ಓಣಿಯಲ್ಲಿ ತೋಪು ಅಂದರೆ ಸೆರಗು. ಇಳಕಲ್ ಸೀರೆಯ ಕೆಂಪು ಸೆರಗಿನಲ್ಲಿ ಬಿಳಿಯ ತೆನೆ ಮೂಡಿಸುವುದಕ್ಕೆ ತೋಪು ತೆನೆ ಎನ್ನುತ್ತಾರೆ. ದಿನದ ಮಾತಿನಲ್ಲಿ ತೆನೆ ಉದುರಿ ಬರೀ ತೋಪು ಉಳಿದಿದೆ. ಪದ ಕಂಡ ಕೂಡಲೇ ನನ್ನ ಕಣ್ಣಮುಂದೆ ಬಂದದ್ದೂ ಅದೇ. ಆದರೆ ಮೇಜಿನ ಸುತ್ತ ಧಾರವಾಡದಲ್ಲಿ ಓದಿ ಬಂದವರು ಕುಳಿತಿದ್ದರು. ಮುಖ್ಯಸ್ಥರು ನನ್ನ ಕುರ್ಚಿಯ ಹಿಂದೆಯೇ ನಿಂತು, "ಇದಕ್ಕೇನು ಬರೆಯುತ್ತೀರಿ ಮೇಡಂ?" ಎಂದು ಕೇಳಿದರು. ಮಗ್ಗದ ಮನೆಯ ಮಾತು ಬರೆದರೆ ಮಗ್ಗದ ಮನೆಯವಳೆಂದು ಗೊತ್ತಾಗುತ್ತದೆ ಅನ್ನಿಸಿತು. "ಫಿರಂಗಿ, ಯುದ್ಧದ ಆಯುಧ," ಎಂದು ಬರೆದೆ. ಬೇರೆ ಅರ್ಥ ಇದೆಯೇ? ಇಲ್ಲ ಎಂದು ಒತ್ತಿದೆ.

"ಗುಡ್," ಎಂದರು.

ಆಮೇಲಿನದು ಕೇಳುವ ಕೆಲಸ. ಕಿವಿಗೆ ಹೆಡ್‌ಫೋನು, ಇಪ್ಪತ್ತು ಸೆಕೆಂಡಿನ ತುಣುಕು, ಕೆಳಗೆ ಯಂತ್ರ ಊಹಿಸಿದ ಮಾತು. ತಪ್ಪಿದ್ದರೆ ತಿದ್ದುವುದು, ಮುಂದಿನದಕ್ಕೆ ಹೋಗುವುದು. ಪಕ್ಕದ ಕುರ್ಚಿಯಲ್ಲಿ ಕಲಾದಗಿಯ ಹುಡುಗನೊಬ್ಬ ಕೂರುತ್ತಿದ್ದ. ನನಗಿಂತ ಎರಡು ವರ್ಷ ಚಿಕ್ಕವನು, ಬಾಯಿ ಮಾತ್ರ ಭಾರಿ. ಬಾದಾಮಿಯ ಬಂಡೆಗಳ ಕೆಳಗಿನ ಕಂಬದಿಂದ ಬಂದ ತುಣುಕೊಂದನ್ನು ನನಗೂ ಕೇಳಿಸಿದ.

"ಅಕ್ಕಾ, ಕುರಿಗಾರ ಒಬ್ಬಾಂವ ಹೊಯ್ಕೊಂಡಾನ. ಗುಡ್ಡ ತಿರುಗಿ ಕೂಗೇತಿ. ಇದು ಏಳ ಮಂದಿ ಗುಂಪು ಅಂತ ಹಳದಿ ಹಚ್ಚೇತಿ ನೋಡ."

"ಒಬ್ಬಾಂವ ಅಂತ ತಿದ್ದು."

"ತಿದ್ದೀನಿ. ಇನ್ನಾರ ಮಂದಿ ಎಲ್ಲಿಗೆ ಹೋದ್ರು ಅಂತ ಕಾರಣಾ ಕೇಳಾಕತ್ತೇತಿ."

ನಕ್ಕೆವು. ಹಳದಿ ಅಂದರೆ ಸಂಶಯ, ಕೆಂಪು ಅಂದರೆ ಅಪಾಯ. ಮಾತು ಕೇಳಿಬಂದ ಹೊತ್ತಿನಲ್ಲಿ ಕಂಬದ ಹತ್ತಿರ ಯಾರ ಮೊಬೈಲ್ ಇತ್ತೋ ಅವರ ಹೆಸರಿಗೆ ಬಣ್ಣ ಹತ್ತುತ್ತಿತ್ತು. ಮಾತಾಡಿದವರು ಯಾರಾದರೂ ಆಗಿರಲಿ. ಬಣ್ಣ ಹತ್ತಿದ ಹೆಸರುಗಳು ಎಲ್ಲಿಗೆ ಹೋಗುತ್ತವೆಂದು ನಾವು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

ಎರಡನೇ ತಿಂಗಳು, ಒಂದು ಮಧ್ಯಾಹ್ನ, ತುಣುಕಿನಲ್ಲಿ ಮಗ್ಗದ ಸಪ್ಪಳ ಬಂತು. ಕೇಳದವರಿಗೆ ಎಲ್ಲ ಮಗ್ಗವೂ ಒಂದೇ. ನಮಗೆ ಹಾಗಲ್ಲ, ಒಂದೊಂದು ಮಗ್ಗಕ್ಕೆ ಒಂದೊಂದು ದನಿ. ಎರಡು ಏಟು, ಸ್ವಲ್ಪ ತಡೆದು ಮತ್ತೊಂದು. ಎಡಗಾಲು ನೋಯುವವನ ತುಳಿತ. ನಮ್ಮಪ್ಪ. ನಾನು ಅಲ್ಲಿ ತಣ್ಣನೆಯ ಕೋಣೆಯಲ್ಲಿ ಕುಳಿತು ನಮ್ಮ ಮನೆಯ ಒಳಗಿನ ಸಪ್ಪಳ ಕೇಳುತ್ತಿದ್ದೆ. ಹನ್ನೆರಡನೇ ಸೆಕೆಂಡಿಗೆ ಮಗ್ಗ ನಿಂತಿತು. ಮುಂದಿನ ತುಣುಕಿನಲ್ಲೂ ಇಲ್ಲ. ಅದರ ಮುಂದಿನದರಲ್ಲೂ ಇಲ್ಲ. ಅವು ದಾಖಲಾದದ್ದು ಒಂದೆರಡು ನಿಮಿಷದ ಹಿಂದೆಯಷ್ಟೇ. ಹೊರಗೆ ಓಡಿಹೋಗಿ ಫೋನು ಮಾಡಿದೆ.

"ಅಪ್ಪಾ, ಮಗ್ಗ ಯಾಕ ನಿಂತತಿ? ಆರಾಮ ಅದೀಯಿಲ್ಲ?"

"ನೀರ ಕುಡ್ಯಾಕ ಎದ್ದೇನಿ." ತಂಬಿಗೆ ಕೆಳಗಿಟ್ಟ ಸಪ್ಪಳ ಕೇಳಿಸಿತು. "ನೀ ಬಾಗಲಕೋಟ್ಯಾಗ ಅದೀ. ಮಗ್ಗ ನಿಂತದ್ದು ನಿನಗ ಹ್ಯಾಂಗ ತಿಳೀತು?"

ಯಾರಿಗೂ ಹೇಳಬಾರದೆಂದು ಬರೆದ ಕಾಗದಕ್ಕೆ ಸಹಿ ಹಾಕಿದ್ದೆ. ಆದರೂ ಬಾಯಿ ಬಿಟ್ಟೆ. "ಕಂಬದ ಹತ್ರ ಏನೂ ಮಾತಾಡಬ್ಯಾಡ್ರಿ," ಅಂದೆ.

ಅಷ್ಟೇ ಸಾಕಾಯಿತು. ಎರಡು ದಿನದಲ್ಲಿ ಓಣಿಗೆಲ್ಲ ಹಬ್ಬಿತು. ಆ ವಾರ ಇಳಕಲ್ಲಿನಿಂದ ಬಂದ ತುಣುಕುಗಳಲ್ಲಿ ಮಗ್ಗವಿತ್ತು, ಕೋಳಿ ಇತ್ತು, ಸೈಕಲ್ ಗಂಟೆ ಇತ್ತು, ಮನುಷ್ಯರ ಮಾತಿಲ್ಲ. ಒಂದರಲ್ಲಿ ಮಗುವೊಂದು ಏನೋ ಹೇಳಲು ಶುರು ಮಾಡಿದ್ದು, ಯಾರೋ ಅದರ ಬಾಯಿ ಮುಚ್ಚಿದ್ದು ಕೇಳಿಸಿತು. ನಾನು "ಮಾತಿಲ್ಲ" ಎಂದು ಒತ್ತುತ್ತ ಹೋದೆ. ಶುಕ್ರವಾರದ ಹೊತ್ತಿಗೆ ನಮ್ಮ ಓಣಿಗೆ ಹಳದಿ ಬಿತ್ತು. ಕಾರಣದ ಚೌಕದಲ್ಲಿ ಯಂತ್ರ ಬರೆದಿತ್ತು: ಅಸಹಜ ಮೌನ.

ಕಲಾದಗಿಯ ಹುಡುಗ ಅದನ್ನು ಓದಿದ. ಈ ಸಲ ನಗಲಿಲ್ಲ.

ಆ ಭಾನುವಾರ ಊರಿಗೆ ಹೋದಾಗ ದಾದಿಯ ಮೊಮ್ಮಗಳು ನಮ್ಮ ಮನೆಗೆ ಬಂದಳು. ದಾದಿ ಯಾರೆಂದು ಹೇಳಿಬಿಡುತ್ತೇನೆ: ನಮ್ಮ ಎದುರು ಮನೆಯ ಮುದುಕಿ; ಅವರ ಮನೆಮಾತು ಉರ್ದುವಿನಲ್ಲಿ ದಾದಿ ಅಂದರೆ ಅಜ್ಜಿ, ಅವಳು ಓಣಿಗೆಲ್ಲ ದಾದಿ. ಅವಳ ಕಸುಬು ಕೊಂಡಿ ಹಾಕುವುದು. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಕೆಂಪು ರೇಷ್ಮೆ ಎಳೆಗಳನ್ನು ಒಂದೊಂದಾಗಿ ಸಿಕ್ಕಿಸಿ ಕೂಡಿಸುವ ಆ ಗಂಟಿಗೆ ಕೊಂಡಿ ಎನ್ನುತ್ತಾರೆ. ಕಣ್ಣು ಮಸುಕಾದರೂ ಅವಳ ಬೆರಳಿಗೆ ಎಳೆ ಕಾಣುತ್ತದೆ. ಮೊಮ್ಮಗಳೂ ನಾನೂ ಒಂದೇ ರಾಟೆಯಲ್ಲಿ ಸರದಿಯಂತೆ ಕಂಡಿಕೆ ಸುತ್ತಿದವರು. ಅವಳು ನರ್ಸಿಂಗ್ ಮುಗಿಸಿ, ಬಾದಾಮಿಯ ಒಂದು ದವಾಖಾನೆಯಲ್ಲಿ ಕೆಲಸಕ್ಕೆ ಆಯ್ಕೆಯಾಗಿದ್ದಳು. ಪೊಲೀಸ್ ಪರಿಶೀಲನಾ ಪ್ರಮಾಣಪತ್ರವೊಂದು ಬಾಕಿ. ತಿಂಗಳ ಕೊನೆಯೊಳಗೆ ಕೊಡದಿದ್ದರೆ ಜಾಗ ಮುಂದಿನವರಿಗೆ.

"ಮೂರು ಸಲ ಹೋಗಿ ಬಂದೆ ಅಕ್ಕಾ. ಬಾಕಿ ಐತಿ ಅಂತಾರ, ಯಾಕಂತ ಹೇಳಂಗಿಲ್ಲ. ನೀ ಅಲ್ಲೇ ಆಫೀಸದಾಗ ಇರಾಕಿ. ಒಂದೀಟು ಕೇಳತೀಯೇನು?"

ಕೇಳಿದೆ. ನವನಗರದ ಪೊಲೀಸ್ ಕಚೇರಿಯ ಗುಮಾಸ್ತ ಗಣಕದ ಪರದೆಯನ್ನು ನನ್ನ ಕಡೆ ಅರ್ಧ ತಿರುಗಿಸಿದ. ಅವಳ ಹೆಸರಿನ ಮುಂದೆ ಒಂದು ಕೆಂಪು ಚುಕ್ಕೆ. "ಇದು ನಿಮ್ಮ ಕಂಪನೀದ ಚುಕ್ಕಿ. ಕೆಂಪಿದ್ರ ಸಹಿ ಬ್ಯಾಡ ಅಂತ ಮ್ಯಾಲಿಂದ ಹೇಳ್ಯಾರ."

"ಆದೇಶ ಎಲ್ಲೈತ್ರಿ?"

"ಬಾಯಿಮಾತು ತಂಗೀ. ಬಾಯಿಮಾತಿಗೆ ನಂಬರ್ ಇರತೈತೇನು?" ಹೋಳಿ ಬಣ್ಣದ ಮಾತು ಹೇಳಿದ್ದು ಆಗಲೇ.

ಎರಡು ದಿನದ ನಂತರ ಖರೀದಿ ಸಮಿತಿ ಬಂತು. ಕೇಂದ್ರದ ಸಭಾಕೋಣೆಯಲ್ಲಿ ಹೂವು, ಹಾರ, ದೊಡ್ಡ ಪರದೆ. ಹಿಂದಿನ ವರ್ಷ ಈ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟು ಸಹಿ ಮಾಡಿದ್ದ ಹಿರಿಯ ಅಧಿಕಾರಿ ಈಗ ನಿವೃತ್ತರು. ಕಂಪನಿಯ ಸಲಹೆಗಾರರಾಗಿ ಬಾಗಿಲಲ್ಲೇ ನಿಂತಿದ್ದರು. ಸಮಿತಿಯವರು ಅವರನ್ನು ಕಂಡೊಡನೆ ತಲೆಬಾಗಿ ನಮಸ್ಕರಿಸಿದರು; ಅವರ ಕೈಕೆಳಗೆ ಕೆಲಸ ಮಾಡಿದವರೇ ಎಲ್ಲ. ಪರೀಕ್ಷೆ ಮಾಡಲು ಬಂದವರು ಯಾರು, ಪರೀಕ್ಷೆಗೆ ಕುಳಿತವರು ಯಾರು ಎಂದು ನನಗೆ ತಿಳಿಯಲಿಲ್ಲ. ಚಹಾ ಕೊಡಲು ಜನ ಸಾಲದೆಂದು ನಮ್ಮನ್ನೂ ಹಿಂದೆ ನಿಲ್ಲಿಸಿದ್ದರು.

"ಈಗ ನಮ್ಮ ಅತ್ಯುತ್ತಮ ಉದಾಹರಣೆ," ಎಂದರು ಮುಖ್ಯಸ್ಥರು. ದೀಪ ಆರಿಸಿದರು.

ಕತ್ತಲಲ್ಲಿ ಒಂದು ಮುದುಕಿಯ ದನಿ ಬಂತು. ಕೋಣೆಯ ನಾಲ್ಕೂ ಮೂಲೆಯಿಂದ ಬಂತು.

"ಮೂರು ತೋಪು ನಾಳಿ ಹೊತ್ತೇರೂದ್ರಾಗ ತಯಾರ್ ಇರ್ಲಿ. ಕೊಂಡಿ ನಾ ಹಾಕ್ತೇನಿ. ಕೆಂಪು ಕಡಿಮಿ ಬೀಳಬಾರ್ದು ನೋಡ್ರಿ."

ಪರದೆಯ ಮೇಲೆ ಅಕ್ಷರ ಮೂಡಿದವು. ಮೂರು ಫಿರಂಗಿಗಳು. ಸೂರ್ಯೋದಯ. ಕೊಂಡಿ: ಸಂಪರ್ಕ ಜಾಲ. ಕೆಂಪು: ರಕ್ತಪಾತದ ಸೂಚನೆ ಇರಬಹುದು. ಯಾರೋ ಒಬ್ಬರು ಉಸಿರೆಳೆದುಕೊಂಡರು. ಸಲಹೆಗಾರರು ಮೆಲ್ಲಗೆ ತಲೆಯಾಡಿಸಿದರು. ಸಮಿತಿಯವರ ಪೆನ್ನುಗಳು ಕಾಗದದ ಮೇಲೆ ಓಡುವ ಸಪ್ಪಳ ಕತ್ತಲಲ್ಲಿ ಕೇಳಿಸುತ್ತಿತ್ತು.

ಅದು ದಾದಿಯ ದನಿ; ಹುಟ್ಟಿದಾಗಿನಿಂದ ನನ್ನ ಕಿವಿ ಕೇಳಿದ ದನಿ. ದಾದಿ ಅಂದು ಹಿಡಿದಿದ್ದದ್ದು ಮೊಮ್ಮಗಳ ಮೊಬೈಲು. ಅದಕ್ಕೇ ಚುಕ್ಕೆ ಹುಡುಗಿಯ ಹೆಸರಿಗೆ. ಯಾರೂ ಹೋಗಿ ಕೇಳಿರಲಿಲ್ಲ. ಕೇಳಿದ್ದರೆ ಮುದುಕಿ ಸೀರೆಯ ಗಂಟು ಬಿಚ್ಚಿ ತೋರಿಸಿಬಿಡುತ್ತಿದ್ದಳು.

ಎಲ್ಲರೂ ಊಟಕ್ಕೆ ಹೋದ ಮೇಲೆ ಆ ತುಣುಕಿನ ಕಾರಣಪತ್ರ ತೆರೆದೆ. "ತೋಪು" ಎಂಬುದರ ಮೇಲೆ ಒತ್ತಿದರೆ ಅರ್ಥ ಕೊಟ್ಟವರ ಸಂಖ್ಯೆ ಬರುತ್ತದೆ. ನನ್ನ ಸಂಖ್ಯೆ. ಬೇರೆ ಅರ್ಥ: ಇಲ್ಲ.

ಮುಖ್ಯಸ್ಥರ ಬಳಿ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲ. ಪೂರ್ತಿ ಕೇಳಿಸಿಕೊಂಡರು, ನೀರು ಕೊಟ್ಟರು.

"ಪದದ ಅರ್ಥವನ್ನು ಬರೆದವರೇ ತಿದ್ದಬಹುದಲ್ವಾ ಸರ್?"

"ನನ್ನ ಒಪ್ಪಿಗೆ ಇದ್ದರೆ ತಿದ್ದಬಹುದು. ಆದರೆ ಯೋಚನೆ ಮಾಡಿ ಮೇಡಂ. ಸಮಿತಿ ಇದನ್ನು ಬೆಳಗ್ಗೆ ತಾನೇ ಕೇಳಿದೆ. ಮಧ್ಯಾಹ್ನ ಅದು ಸೀರೆ ಆಗಿಬಿಟ್ಟರೆ?"

"ಅದು ಸೀರೆನೇ ಸರ್."

"ಇರಬಹುದು," ಎಂದರು. ಆಮೇಲೆ ನಾನು ಮೊದಲ ಸಾಲಿನಲ್ಲಿ ಬರೆದ ಮಾತನ್ನು ಹೇಳಿದರು.

ಮರುದಿನ ರಜೆ ಹಾಕಿ ಇಳಕಲ್ಲಿಗೆ ಹೋದೆ. ದಾದಿಯನ್ನು ಹಿತ್ತಲಿಗೆ, ಕಂಬದ ಕಿವಿಗೆ ನಿಲುಕದ ಮೂಲೆಗೆ ಕರೆದೊಯ್ದು ಹೇಳಿದೆ. ಮೊದಲು ನಕ್ಕಳು. "ನಾ ತೋಪ್ ಹಾರಸಾಕಿ? ಒಲಿ ಊದಾಕ ಬಾಯಾಗ ಹಲ್ಲಿಲ್ಲ!" ಆಮೇಲೆ ನನ್ನ ಮುಖ ನೋಡಿದಳು. ಕಣ್ಣು ಮಸುಕಾದವರು ನೋಡುವ ಹಾಗೆ, ಹತ್ತಿರ ಬಂದು.

"ಆ ಅರ್ಥಾ ಬರದಾಕಿ ನೀ ಏನು?"

"ಹೂಂ ದಾದಿ."

"ನಮ್ಮ ತೋಪಿಂದು ನಿನಗ ಗೊತ್ತಿದ್ದಿಲ್ಲೇನ ಬೇಟಿ?"

"ಗೊತ್ತಿತ್ತು."

"ಮತ್ತ?"

"ನಾಚಿಕಿ ಬಂತು ದಾದಿ."

ಅವಳು ತೊಡೆಯ ಮೇಲಿನ ಎಳೆಗಳನ್ನು ಬೆರಳಿನಿಂದ ಹುಡುಕಿ ಎರಡು ಕೊಂಡಿ ಹಾಕಿದಳು. ಮೂರನೆಯದು ಹಾಕುವಾಗ, "ನಾವ ನಿನಗ ಸಾಲಿ ಕಲೀ ಅಂದ್ವಿ," ಎಂದಳು. ಬೈದದ್ದೋ ಸಮಾಧಾನ ಮಾಡಿದ್ದೋ ಇವತ್ತಿಗೂ ಗೊತ್ತಿಲ್ಲ.

ಹುನಗುಂದದ ಕೋರ್ಟಿನ ಎದುರು ಹಳೆಯ ವಕೀಲರೊಬ್ಬರಿದ್ದಾರೆ. ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಯಾವಾಗಲೂ ಒಂದು ಚುಚ್ಚುಮಾತು. ಮೊಮ್ಮಗಳೂ ನಾನೂ ಅಲ್ಲಿಗೆ ಹೋದೆವು. "ಶರಣ್ರಿ," ಎಂದು ಕೂರಿಸಿ ಎಲ್ಲ ಕೇಳಿ, ಕನ್ನಡಕ ತೆಗೆದರು.

"ನೋಡವಾ, ಯಂತ್ರಕ್ಕ ನೋಟೀಸು ಹತ್ತೂದಿಲ್ಲ. ಕಂಪನಿ ವಕೀಲರು ನನ್ನಂಥಾ ಹತ್ತ ಮಂದೀನ್ನ ನಾಷ್ಟಾಕ್ಕ ತಿಂತಾರ. ಯಂತ್ರ ತಪ್ಪು ಅನ್ನಾಕ ಹೋಗಬ್ಯಾಡ್ರಿ. ಮನುಷ್ಯಾನ ತಪ್ಪು ಇದ್ರ ಹೇಳ್ರಿ. ಮನುಷ್ಯಾ ತಪ್ಪಿದ್ರ ಕಾಯ್ದೆಕ್ಕ ಅದರ ದಾರಿ ಗೊತ್ತೈತಿ. ಯಾರರೆ ತಪ್ಪು ಮಾಡಿದಾಂವ ಸಿಗತಾನೇನು?"

"ಸಿಗತಾಳ್ರಿ," ಅಂದೆ. "ಇಲ್ಲೇ ಕುಂತಾಳ."

ಅವರು ಕನ್ನಡಕ ಮತ್ತೆ ಏರಿಸಿ ನನ್ನನ್ನು ನೋಡಿದರು. "ಕೆಲಸಾ ಹೋಗ್ತೈತಿ."

"ಹೋಗ್ಲಿ" ಎಂದು ಧೈರ್ಯವಾಗಿ ಅಂದೆನೆಂದು ಬರೆಯಬಹುದು, ಸುಳ್ಳಾಗುತ್ತದೆ. ನಾನು ಎದ್ದು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತೆ. ತಿಂಗಳ ಸಂಬಳ ಎಂಬುದು ನಮ್ಮ ಮನೆಗೆ ಬಂದದ್ದೇ ಈ ಕೆಲಸದಿಂದ. ಅಪ್ಪನ ಎಡಗಾಲಿಗೆ ಈಚೆಗಷ್ಟೇ ಔಷಧ ಶುರುವಾಗಿತ್ತು. ಎದುರಿಗೆ ಹುನಗುಂದದ ಕಂಬ, ಅದರ ಮೇಲಿನ ಡಬ್ಬಿ. ಗಟ್ಟಿಯಾಗಿ ಏನಾದರೂ ಅನ್ನಬೇಕೆನ್ನಿಸಿತು. ಬಾಯಿ ತೆರೆಯಲಿಲ್ಲ. ಆಡದ ಮಾತಿಗೂ ಅದು ಹಳದಿ ಹಚ್ಚುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆ ಹೆದರಿಕೆಯೇ ನನ್ನನ್ನು ಒಳಗೆ ಕಳಿಸಿತು. ಹೀಗೆ ಬಾಯಿ ಮುಚ್ಚಿಕೊಂಡು ಎಷ್ಟು ವರ್ಷ?

ಅಫಿಡವಿಟ್ ಬರೆಸಿದೆವು. ತುಣುಕನ್ನು ಹೊರಗೆ ತರುವಂತಿರಲಿಲ್ಲ. ವಕೀಲರು ಅದರ ತಂಟೆಗೇ ಹೋಗಲಿಲ್ಲ. ನಾನು ಮಾಡಿದ್ದನ್ನಷ್ಟೇ ನಾನು ಹೇಳುವುದು: ತೋಪು ಎಂಬ ಪದಕ್ಕೆ ಬೇರೆ ಅರ್ಥ ಇದೆಯೇ ಎಂಬ ಪ್ರಶ್ನೆಗೆ ಇಲ್ಲ ಎಂದು ಉತ್ತರಿಸಿದ್ದೇನೆ, ಇತ್ತು, ನನಗೆ ತಿಳಿದಿತ್ತು. ದಾದಿಯದು ಬೇರೆ: ಈ ಮಾತುಗಳನ್ನು ನನ್ನ ಕಸುಬಿನಲ್ಲಿ ದಿನವೂ ಆಡುತ್ತೇನೆ.

"ಉದ್ಯೋಗ ಏನಂತ ಬರೀಲಿ?" ವಕೀಲರು ಕೇಳಿದರು.

"ಇವತ್ತಿಂದು ಬರೀರಿ. ನಾಳಿದು ನನಗೂ ಗೊತ್ತಿಲ್ಲ."

ಜೊತೆಗೆ ಮೊಮ್ಮಗಳ ಹೆಸರಿನಲ್ಲಿ ಒಂದು ಕೋರಿಕೆ: ಪ್ರಮಾಣಪತ್ರ ಕೊಡದಿದ್ದರೆ ಯಾವ ಲಿಖಿತ ಆದೇಶದ ಮೇಲೆ ಕೊಡುತ್ತಿಲ್ಲವೆಂದು ಬರೆದುಕೊಡಿ. "ಒಂದ ಪ್ರಶ್ನಿ ಸಾಕು," ಎಂದರು ವಕೀಲರು. "ಎರಡ ಕೇಳಿದ್ರ ಒಂದಕ್ಕ ಉತ್ತರಾ ಕೊಟ್ಟು ಇನ್ನೊಂದ ನುಂಗ್ತಾರ."

ನವನಗರದ ಪೊಲೀಸ್ ಕಚೇರಿಯಲ್ಲಿ ಕಾಗದ ತೆಗೆದುಕೊಳ್ಳಲೇ ಇಲ್ಲ. ಇದಕ್ಕೆ ನಮೂನೆ ಇಲ್ಲವಂತೆ. ಅಲ್ಲಿಯೇ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿ ಅದೇ ಕಚೇರಿಗೆ ಕಳಿಸಿದೆವು. ಮೂರನೇ ದಿನ ಸ್ವೀಕೃತಿ ಬಂತು. ನಾಲ್ಕನೇ ದಿನ ಕೇಂದ್ರದ ಬಾಗಿಲು ನನ್ನ ಗುರುತಿನ ಕಾರ್ಡಿಗೆ ತೆರೆಯಲಿಲ್ಲ. ಗಾಜಿನ ಆಚೆ ಹಿತ್ತಾಳೆಯ ಕವಚದಲ್ಲಿ ನನ್ನ ಛತ್ರಿ ಕಾಣುತ್ತಿತ್ತು. ಮುಖ್ಯಸ್ಥರು ಅದನ್ನು ತಂದುಕೊಟ್ಟರು.

"ನನಗೆ ನಿಮ್ಮ ಮೇಲೆ ಕೋಪವಿಲ್ಲ," ಎಂದರು. "ಒಂದು ಮಾತು ಹೇಳಲೇ? ನಿಮ್ಮ ಓಣಿ ಈಚೆಗೆ ತುಂಬಾ ಸುಮ್ಮನಿದೆ. ಮಾತಾಡಲಿಕ್ಕೆ ಹೇಳಿ ಅವರಿಗೆ. ಎಲ್ಲರಿಗೂ ಒಳ್ಳೆಯದು."

ಅಂದು ಬಿಸಿಲಲ್ಲಿ ಬಸ್ ನಿಲ್ದಾಣದವರೆಗೂ ಛತ್ರಿ ಬಿಚ್ಚಲಿಲ್ಲ. ಬಿಚ್ಚಲು ಮನಸ್ಸಾಗಲಿಲ್ಲ.

ತಿಂಗಳು ಮುಗಿಯಲು ಮೂರು ದಿನ ಇರುವಾಗ ಪರಿಶೀಲನೆಯ ಅಧಿಕಾರಿ ನಮ್ಮನ್ನು ಕರೆಸಿದರು. ಮೈಸೂರು ಕಡೆಯವರು, ಹೊಸದಾಗಿ ಬಂದವರು. ಪಕ್ಕದಲ್ಲಿ ನಿಂತ ಹೆಡ್ ಕಾನ್‌ಸ್ಟೆಬಲ್ ಕಮತಗಿಯವರು; ಅದೂ ಮಗ್ಗದ ಊರೇ. ವಕೀಲರು, ನಾನು, ಮೊಮ್ಮಗಳು, ದಾದಿ. ದಾದಿಯ ಕಂಕುಳಲ್ಲಿ ಒಂದು ಗಂಟು.

ಅಧಿಕಾರಿ ಕಾಗದ ತಿರುವಿ ಹಾಕಿ ನೇರವಾಗಿ ಕೇಳಿದರು. "ಅಜ್ಜಿ, ನಿಮ್ಮ ಹತ್ತಿರ ತೋಪು ಇದೆಯೇ?"

"ಅದಾವ್ರಿ ಸಾಹೇಬ್ರ. ಒಂದ ಸಂಗಾಟ ತಂದೇನಿ."

ದಾದಿ ಗಂಟು ಬಿಚ್ಚಿ, ಹೊಸದಾಗಿ ನೇಯ್ದ ಸೀರೆಯನ್ನು ಮೇಜಿನ ಕಾಗದಗಳ ಮೇಲೆ ಹರಡಿದಳು. ಕಪ್ಪು ಒಡಲು, ಕೆಂಪು ಸೆರಗು, ಬಿಳಿ ತೆನೆ. "ಇದು ತೋಪು. ಇದು ಕೊಂಡಿ, ಇಲ್ಲಿ ಬೆರಳ ಇಟ್ಟು ನೋಡ್ರಿ, ಗಂಟ ಹತ್ತತಾವ. ಇದು ಕೆಂಪು. ಕಡಿಮಿ ಬಿದ್ರ ಸಾವಕಾರ ಒಲ್ಲೆ ಅಂತಾನ."

ಹೆಡ್ ಕಾನ್‌ಸ್ಟೆಬಲ್ಲರಿಗೆ ತಡೆಯಲಾಗಲಿಲ್ಲ. "ಸರ್, ಹಂಗಾದ್ರ ನಮ್ಮವ್ವ ನಲವತ್ತ ವರ್ಷ ತೋಪು ತಯಾರ್ ಮಾಡ್ಯಾಳ್ರಿ. ನನ್ನೂ ಹಿಡೀರಿ!"

ಅಧಿಕಾರಿ ನಗಲಿಲ್ಲ. ಒಂದೊಂದು ಕೊಂಡಿಯನ್ನೂ ಬೆರಳಿನಿಂದ ಮುಟ್ಟಿ ನೋಡಿದರು. ಕಂಪನಿಯ ಸಲಹೆಗಾರರು ಬೆಳಗ್ಗೆಯೇ ತಮಗೆ ಫೋನು ಮಾಡಿದ್ದರೆಂದು ಅವರೇ ಹೇಳಿದರು. "ಕೊಡುವುದಿಲ್ಲ ಎಂದರೆ ನಾನು ಕಾರಣ ಬರೆಯಬೇಕು. ಕಾರಣ ಬರೆಯಲು ನನ್ನ ಹತ್ತಿರ ಆದೇಶವಿಲ್ಲ. ಒಂದು ಚುಕ್ಕೆ ಇದೆ, ಅಷ್ಟೆ." ಅವರು ಕಿಟಕಿಯ ಆಚೆ ನೋಡಿದರು. ಆ ಕಚೇರಿಯ ಅಂಗಳದಲ್ಲೂ ಒಂದು ಕಂಬವಿತ್ತು. ಎದ್ದುಹೋಗಿ ಕಿಟಕಿ ಮುಚ್ಚಿ ಬಂದು, ಆಮೇಲೆ ಮೆಲುದನಿಯಲ್ಲಿ, "ನಾಳೆ ಬನ್ನಿ," ಎಂದರು.

ಪೊಲೀಸ್ ಅಧಿಕಾರಿಯೊಬ್ಬರು ತಮ್ಮದೇ ಕೋಣೆಯಲ್ಲಿ ದನಿ ತಗ್ಗಿಸಿದ್ದನ್ನು ಅಂದೇ ಮೊದಲು ಕಂಡದ್ದು.

ಕಂಪನಿಗೆ ಇದರಿಂದ ಏನೂ ಆಗಲಿಲ್ಲ. ಖರೀದಿಗೆ ಒಪ್ಪಿಗೆ ಸಿಕ್ಕಿತು. ಈಗ ಮರೋಳದ ಹಾದಿಯಲ್ಲೂ ಕಂಬ ನೆಡುತ್ತಿದ್ದಾರೆ. ದಾದಿಯ ದನಿಯನ್ನು ಬೇರೆ ಜಿಲ್ಲೆಗಳ ಸಭೆಗಳಲ್ಲೂ ಕೇಳಿಸುತ್ತಾರಂತೆ. ಕಲಾದಗಿಯ ಹುಡುಗ ಹೇಳಿದ. ಅವನು ಕೆಲಸ ಬಿಟ್ಟಿಲ್ಲ. ಒಬ್ಬನಾದರೂ ಒಳಗಿರಲಿ ಅಕ್ಕಾ ಅನ್ನುತ್ತಾನೆ. ನಾನು ಈಗ ಹುನಗುಂದದಲ್ಲಿ ಅದೇ ವಕೀಲರ ಬಳಿ ಅರ್ಜಿ ಬರೆಯುತ್ತೇನೆ. ಕೆಂಪು ಚುಕ್ಕೆಯವರು ಒಬ್ಬೊಬ್ಬರಾಗಿ ಬರುತ್ತಿದ್ದಾರೆ.

ಅಧಿಕಾರಿ ನಾಳೆ ಬನ್ನಿ ಎಂದ ಆ ಮರುದಿನ ಹನ್ನೊಂದಕ್ಕೆ ಅದೇ ಗುಮಾಸ್ತ ಪ್ರಮಾಣಪತ್ರವನ್ನು ಮೊಮ್ಮಗಳ ಕೈಗೆ ಕೊಟ್ಟ. ಮೊಹರಿನ ಮಸಿ ಇನ್ನೂ ಹಸಿಯಾಗಿತ್ತು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು, ಊದಿ ಒಣಗಿಸಿ, ದಾದಿಯ ಮಡಿಲಿಗಿಟ್ಟಳು. ದಾದಿ ಎಳೆ ಹುಡುಕುವ ಹಾಗೆ ಕಾಗದದ ಮೇಲೆ ಬೆರಳಾಡಿಸಿದಳು.

"ಏನ್ ಬರದಾರ ಓದ ಬೇಟಿ."

ಮೊಮ್ಮಗಳು ಓದಿದಳು: "ಇವರ ವಿರುದ್ಧ ಇದುವರೆಗೆ ಯಾವುದೇ ಪ್ರತಿಕೂಲ ಅಂಶ ಕಂಡುಬಂದಿರುವುದಿಲ್ಲ."

ದಾದಿ ಅಂಗಳದ ಕಂಬದ ಕಡೆಗೊಮ್ಮೆ ಮುಖ ತಿರುಗಿಸಿ, ನಮ್ಮಿಬ್ಬರಿಗಷ್ಟೇ ಕೇಳುವಂತೆ ಅಂದಳು:

"ಕಂಡಬಂದಿಲ್ಲ ಅಂದ್ರ, ಇನ್ನಾ ಹುಡುಕಾಕತ್ತಾರ ಅಂದಂಗಾತು."